ಹೈವೇ ಬಿಟ್ಟು ಒಂದು ದಿನ: ಪಾಂಡವಪುರ, ಮೇಲುಕೋಟೆ, ಕಿಕ್ಕೇರಿ ಒಳರಸ್ತೆಗಳಲ್ಲಿ ಕಾರು ಓಡಿಸುವುದು ಹೇಗೆ

ಒಂದು ಡಿಸೆಂಬರ್ ಮಧ್ಯಾಹ್ನ ಮಂಡ್ಯ ಜಿಲ್ಲೆಯ ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಹಳ್ಳಿಯ ಹೊರಗೆ ನನ್ನ ಕಾರಿನ ಅಡಿಯಿಂದ ಹೊಗೆ ಬಂತು. ರಸ್ತೆ ತುಂಬ ಹುರುಳಿ ಹರಡಿದ್ದರು. ನಾನು ಅದರ ಮೇಲೇ ಓಡಿಸಿಕೊಂಡು ಬಂದಿದ್ದೆ. ಕಿಟಕಿ ಮುಚ್ಚಿತ್ತು, ಎ.ಸಿ. ಹಾಕಿದ್ದೆ, ಹಾಡು ಬರುತ್ತಿತ್ತು. ವಾಸನೆ ಮೂಗಿಗೆ ಬಡಿಯುವ ಮೊದಲೇ ರಸ್ತೆ ಬದಿಯಲ್ಲಿ ಮೊರ ಹಿಡಿದಿದ್ದ ಒಬ್ಬ ಅಜ್ಜಿ ಕೈ ಬೀಸಿ ಕೂಗಿದರು.

"ನಿಲ್ಸಪ್ಪ, ನಿಲ್ಸು! ಅಡೀಲಿ ಹೊಗೆ ಬತ್ತಾ ಅದೆ!"

ನಿಲ್ಲಿಸಿ ಬಗ್ಗಿ ನೋಡಿದರೆ ಮುಂದಿನ ಚಕ್ರದ ಒಳಗಡೆ ಹುರುಳಿ ಬಳ್ಳಿ ಹಗ್ಗದ ಹಾಗೆ ಹೊಸೆದುಕೊಂಡು ಸುತ್ತಿತ್ತು. ಅಜ್ಜಿ ಕುಡುಗೋಲು ತಂದುಕೊಟ್ಟರು. "ಮೊದ್ಲು ಇಂಜಿನ್ ಆಫ್ ಮಾಡು ಮಗ, ಆಮೇಲೆ ಕುಯ್ಯಿ" ಎಂದರು. ಅರ್ಧ ಗಂಟೆ ಮಲಗಿಕೊಂಡು ಕುಯ್ದೆ. ಆ ಅರ್ಧ ಗಂಟೆಯಲ್ಲಿ ನನಗೆ ಗೊತ್ತಾದದ್ದು ಇಷ್ಟು: ನಾವು ಒಳರಸ್ತೆ ಅಂತ ಕರೆಯುವುದು ಅಲ್ಲಿಯವರಿಗೆ ಕಣ, ಅಂಗಳ, ದನ ಹೊಡೆಯುವ ದಾರಿ, ಸಂಜೆ ಕೂರುವ ಜಗಲಿ. ಅದರ ಮೇಲೆ ನಮ್ಮ ಕಾರು ಹೋಗುವುದು ನೆಂಟರ ಮನೆ ಅಂಗಳ ದಾಟಿದ ಹಾಗೆ.

ಈ ಬರಹದಲ್ಲಿ ಒಂದೇ ಒಂದು ಸುತ್ತನ್ನು ಇಟ್ಟುಕೊಂಡು, ಒಳರಸ್ತೆಯ ಡ್ರೈವ್‌ಗೆ ತಯಾರಾಗುವುದು ಹೇಗೆ, ಓಡಿಸುವುದು ಹೇಗೆ, ಎಲ್ಲಿ ನಿಲ್ಲುವುದು, ಯಾವಾಗ ವಾಪಸ್ ಹೊರಡುವುದು ಎಂದು ಹೇಳುತ್ತೇನೆ. ಸುತ್ತು ಹೀಗಿದೆ: ಮೈಸೂರು, ಶ್ರೀರಂಗಪಟ್ಟಣ, ಪಾಂಡವಪುರ, ತೊಣ್ಣೂರು ಕೆರೆ, ಮೇಲುಕೋಟೆ, ಕೆ.ಆರ್. ಪೇಟೆ, ಹೊಸಹೊಳಲು, ಕಿಕ್ಕೇರಿ, ಗೋವಿಂದನಹಳ್ಳಿ, ಕನ್ನಂಬಾಡಿ (ಕೆ.ಆರ್.ಎಸ್.) ಹಿನ್ನೀರು, ಮತ್ತೆ ಮೈಸೂರು. ಅಲ್ಲಿ ಇಲ್ಲಿ ದಾರಿ ತಪ್ಪುವುದೂ ಸೇರಿ ಸುಮಾರು 170ರಿಂದ 180 ಕಿ.ಮೀ. ಹೈವೇ ಲೆಕ್ಕದಲ್ಲಿ ಮೂರು ಗಂಟೆ. ಇಲ್ಲಿ ಇಡೀ ದಿನ ಬೇಕು.

ಯಾವ ತಿಂಗಳು ಹೋಗಬೇಕು

ಈ ಸೀಮೆ ನಾಲೆ ನೀರಿನದು. ಕನ್ನಂಬಾಡಿ ಕಟ್ಟೆ ತುಂಬಿ ನಾಲೆಗೆ ನೀರು ಬಿಟ್ಟರೆ ಆಗಸ್ಟ್ ಹೊತ್ತಿಗೆ ನಾಟಿ ಶುರು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಪಾಂಡವಪುರದ ಸುತ್ತ ಕಣ್ಣು ಹಾಯಿಸಿದಷ್ಟೂ ಹಸಿರು. ಹಸಿರೇ ಬೇಕು ಅನ್ನುವವರು ಆಗ ಹೋಗಿ. ಮಳೆ ಬಂದರೆ ಮಣ್ಣಿನ ಅಂಚು ಜಾರುತ್ತದೆ, ಅದೊಂದು ತೊಂದರೆ.

ನನ್ನ ಮಟ್ಟಿಗೆ ನವೆಂಬರ್ ಕೊನೆಯಿಂದ ಜನವರಿ ಕೊನೆಯವರೆಗೆ ಒಳ್ಳೆಯ ಕಾಲ. ಬೆಳಿಗ್ಗೆ ಮಂಜು, ಮಧ್ಯಾಹ್ನ ಹದವಾದ ಬಿಸಿಲು. ಭತ್ತದ ಕುಯ್ಲು, ರಾಗಿ ಒಕ್ಕಣೆ, ಹುರುಳಿ ಒಕ್ಕಣೆ ಎಲ್ಲಾ ಆಗಲೇ. ಆಲೆಮನೆಗಳಲ್ಲಿ ಹೊಗೆ ಏಳುತ್ತಿರುತ್ತದೆ. ರಸ್ತೆ ಮೇಲೆ ಅಡ್ಡಿ ಜಾಸ್ತಿ, ನೋಡಲು ಸಿಗುವುದೂ ಜಾಸ್ತಿ. ಏಪ್ರಿಲ್, ಮೇ ಬೇಡ. ಮೇಲುಕೋಟೆಯ ಕಲ್ಲಿನ ಮೇಲೆ ಚಪ್ಪಲಿ ಬಿಟ್ಟು ನಡೆಯುವುದಿದೆ, ನೆನಪಿರಲಿ.

ವಾರದ ನಡುವೆ ರಜೆ ಹಾಕಲು ಆದರೆ ಹಾಕಿ. ಭಾನುವಾರ ಮೇಲುಕೋಟೆಯಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಬೆಳಗು ಕಳೆದುಹೋಗುತ್ತದೆ. ಮಾರ್ಚ್–ಏಪ್ರಿಲ್‌ನಲ್ಲಿ ಬರುವ ವೈರಮುಡಿ ಉತ್ಸವದ ದಿನಗಳಲ್ಲಂತೂ ಈ ಸುತ್ತು ಬೇಡವೇ ಬೇಡ. ಉತ್ಸವಕ್ಕೆಂದೇ ಹೋಗುವುದಾದರೆ ಅದು ಬೇರೆ ಕಥೆ.

ಹಿಂದಿನ ದಿನದ ಕೆಲಸ

ಗಾಡಿ ದೊಡ್ಡದೇ ಆಗಬೇಕು ಅಂತಿಲ್ಲ. ನಾನು ಸಣ್ಣ ಕಾರಿನಲ್ಲೇ ಹೋಗುವುದು. ಕಿರಿದಾದ ರಸ್ತೆಯಲ್ಲಿ ಎದುರಿಗೆ ಕಬ್ಬಿನ ಟ್ರಾಕ್ಟರ್ ಬಂದಾಗ ಸಣ್ಣ ಕಾರಿನ ಬೆಲೆ ಗೊತ್ತಾಗುತ್ತದೆ. ಆದರೆ ನಾಲ್ಕೂ ಟೈರಿಗೆ ಗಾಳಿ ಸರಿ ಇದೆಯಾ ನೋಡಿ. ಸ್ಟೆಪ್ನಿಗೂ ನೋಡಿ. ಎಷ್ಟೋ ಜನ ಸ್ಟೆಪ್ನಿಯನ್ನು ಮುಟ್ಟುವುದೇ ಪಂಕ್ಚರ್ ಆದಾಗ. ಆಗ ಅದೂ ಚಪ್ಪಟೆಯಾಗಿರುತ್ತದೆ. ಜಾಕ್, ಪಾನಾ ಡಿಕ್ಕಿಯಲ್ಲಿ ಇವೆಯಾ, ಅವು ಕೈಗೆ ಸಿಗುತ್ತವೆಯಾ ಅಂತ ಒಮ್ಮೆ ತೆಗೆದು ನೋಡಿಬಿಡಿ.

ಪೆಟ್ರೋಲ್ ಹೊರಡುವ ಊರಲ್ಲೇ ತುಂಬಿಸಿ. ಪಾಂಡವಪುರ, ಕೆ.ಆರ್. ಪೇಟೆಯಲ್ಲಿ ಬಂಕ್ ಇವೆ. ಆದರೂ ಕಾಲು ಟ್ಯಾಂಕ್ ಇಟ್ಟುಕೊಂಡು ಹಳ್ಳಿ ದಾರಿಗೆ ಇಳಿದರೆ ಮನಸ್ಸೆಲ್ಲ ಮುಳ್ಳಿನ ಮೇಲೆ ಇರುತ್ತದೆ.

ಡಿಕ್ಕಿಯಲ್ಲಿ ಇರಬೇಕಾದ್ದು: ಕುಡಿಯುವ ನೀರು ಐದು ಲೀಟರ್, ಒಂದು ಹಳೇ ಬೆಡ್‌ಶೀಟ್ (ಕಾರಿನ ಅಡಿ ಮಲಗಬೇಕಾದರೆ ಬೇಕು, ಅನುಭವದ ಮಾತು), ಒಂದು ಗಟ್ಟಿ ಚಾಕು ಅಥವಾ ಕುಡುಗೋಲು, ಟಾರ್ಚ್, ಕಸ ಹಾಕಲು ಒಂದು ಚೀಲ. ಹತ್ತು, ಇಪ್ಪತ್ತರ ನೋಟುಗಳನ್ನು ಬೇರೆ ಇಟ್ಟುಕೊಳ್ಳಿ. ಎಳನೀರಿನವರ ಹತ್ತಿರವೂ ಈಗ ಸ್ಕ್ಯಾನರ್ ಇರುತ್ತದೆ ನಿಜ, ಆದರೆ ಸಿಗ್ನಲ್ ಇರಬೇಕಲ್ವಾ?

ಸಿಗ್ನಲ್ ಮಾತು ಬಂದಿದ್ದಕ್ಕೆ ಹೇಳುತ್ತೇನೆ: ಮಂಡ್ಯ ಜಿಲ್ಲೆಯ ಮ್ಯಾಪನ್ನು ಫೋನಿಗೆ ಮೊದಲೇ ಇಳಿಸಿಕೊಂಡಿರಿ. ಜತೆಗೆ ಒಂದು ಕಾಗದದ ಮೇಲೆ ಊರುಗಳ ಹೆಸರನ್ನು ಸಾಲಾಗಿ ಕನ್ನಡದಲ್ಲಿ ಬರೆದುಕೊಳ್ಳಿ. ಕವಲಿನಲ್ಲಿರುವ ಹಸಿರು ಬೋರ್ಡ್ ಓದುವಾಗ ಕಾಗದ ಫೋನಿಗಿಂತ ಬೇಗ ಕೆಲಸ ಮಾಡುತ್ತದೆ. ತುರ್ತಿಗೆ 112, ಆಂಬ್ಯುಲೆನ್ಸ್‌ಗೆ 108.

ಬೆಂಗಳೂರಿನಿಂದ ಬರುವವರು ಹಿಂದಿನ ರಾತ್ರಿಯೇ ಮೈಸೂರಿಗೋ ಶ್ರೀರಂಗಪಟ್ಟಣಕ್ಕೋ ಬಂದು ಉಳಿಯುವುದು ವಾಸಿ. ಒಂದೇ ದಿನದಲ್ಲಿ ಎರಡನ್ನೂ ಮಾಡಿದರೆ ದಿನದ ಅರ್ಧ ಎಕ್ಸ್‌ಪ್ರೆಸ್‌ವೇ ಮೇಲೇ ಮುಗಿಯುತ್ತದೆ. ಬೈಕಿನಲ್ಲಿ ಬರುವವರಿಗೆ ಆ ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಪ್ರವೇಶವಿಲ್ಲ, ಸರ್ವೀಸ್ ರಸ್ತೆಯಲ್ಲೇ ಬರಬೇಕು. ಆ ಲೆಕ್ಕ ಇಟ್ಟುಕೊಂಡು ಬೇಗ ಹೊರಡಿ.

ಮೊದಲ ಪಾಠ: ಹುರುಳಿ

ಹೊರಡುವ ಮುಂಚೆ ಇದನ್ನು ಓದಿಬಿಡಿ. ಒಳರಸ್ತೆಯಲ್ಲಿ ಬೇರೆ ಯಾವುದನ್ನು ಮರೆತರೂ ಇದನ್ನು ಮರೆಯಬಾರದು.

ಹಿಂದೆ ಪ್ರತಿ ಮನೆಗೂ ಕಣ ಇರುತ್ತಿತ್ತು. ನೆಲ ಗಟ್ಟಿ ಮಾಡಿ, ಸಗಣಿ ಬಗ್ಗಡ ಸಾರಿಸಿ, ನಡುವೆ ಮೇಟಿ ನೆಟ್ಟು, ಎತ್ತು ಕಟ್ಟಿ ರೋಣಗಲ್ಲು ಉರುಳಿಸುತ್ತಿದ್ದರು. ಈಗ ಎತ್ತು ಕಡಿಮೆ, ಆಳು ಸಿಗುವುದಿಲ್ಲ, ಕಣದ ಜಾಗದಲ್ಲಿ ಮನೆ ಎದ್ದಿದೆ. ಟಾರು ರಸ್ತೆ ಮನೆ ಮುಂದೆ ಸಿದ್ಧವಾಗಿ ಬಿದ್ದಿದೆ. ಬಸ್ಸು, ಲಾರಿ ಬಿಟ್ಟಿಯಾಗಿ ತುಳಿದುಕೊಟ್ಟು ಹೋಗುತ್ತವೆ. ರಸ್ತೆ ಮೇಲೆ ಒಕ್ಕಣೆ ಮಾಡಬೇಡಿ ಅಂತ ಪೊಲೀಸರು ಹೇಳುತ್ತಲೇ ಇರುತ್ತಾರೆ, ಜನ ಮಾಡುತ್ತಲೇ ಇರುತ್ತಾರೆ.

ರಾಗಿ ತೆನೆ ಹಾಕಿದ್ದರೆ ಅಷ್ಟು ಭಯವಿಲ್ಲ. ನಿಧಾನವಾಗಿ ಹೋಗಿ, ಬ್ರೇಕ್ ಒತ್ತಬೇಡಿ, ಜಾರುತ್ತದೆ. ಹುರುಳಿ ಹಾಗಲ್ಲ. ಅದನ್ನು ಬುಡಸಮೇತ ಕಿತ್ತು, ಒಣಗಿಸಿ, ಮೊಣಕಾಲೆತ್ತರಕ್ಕೆ ಹಾಕಿರುತ್ತಾರೆ. ಬಳ್ಳಿ ಉದ್ದ, ನಾರು ಗಟ್ಟಿ. ತಿರುಗುವ ಆಕ್ಸೆಲ್‌ಗೆ ಒಂದು ಎಳೆ ಸಿಕ್ಕಿತೋ, ಅದು ಉಳಿದದ್ದನ್ನೆಲ್ಲ ಎಳೆದುಕೊಂಡು ನೂಲಿನ ಕದಿರಿನ ಹಾಗೆ ಸುತ್ತಿಕೊಳ್ಳುತ್ತದೆ. ಉಜ್ಜಿದ ಬಿಸಿ ಒಂದು ಕಡೆ, ಸೈಲೆನ್ಸರ್ ಬಿಸಿ ಇನ್ನೊಂದು ಕಡೆ. ಕಾರುಗಳು ಹೀಗೆ ಹೊತ್ತಿಕೊಂಡು ಸುಟ್ಟು ಹೋಗಿವೆ.

ಆದ್ದರಿಂದ ಹುರುಳಿ ಕಂಡರೆ ಹೀಗೆ ಮಾಡಿ. ಮೊದಲು ನಿಲ್ಲಿಸಿ. ಕಿಟಕಿ ಇಳಿಸಿ ಅಲ್ಲಿರುವವರನ್ನು ಕೇಳಿ: "ಅಮ್ಮ, ಪಕ್ಕದಲ್ಲಿ ಹೋಗಕ್ಕೆ ಜಾಗ ಐತಾ?" ತುಂಬ ಸಲ ಅವರೇ ಕವೆಗೋಲಿನಿಂದ ಒಂದು ಚಕ್ರದಷ್ಟು ಜಾಗ ಸರಿಸಿಕೊಡುತ್ತಾರೆ. ಈಗಾಗಲೇ ತುಳಿದು ಚಪ್ಪಟೆಯಾದ ಹುರುಳಿಯ ಮೇಲೆ ಹೋಗಬಹುದು, ಈಗಷ್ಟೇ ಹರಡಿದ, ಎತ್ತರವಾಗಿ ನಿಂತದ್ದರ ಮೇಲೆ ಹೋಗಲೇಬಾರದು. ಅಷ್ಟಾಗಿಯೂ ಹೋಗಬೇಕಾಯಿತು ಅಂದರೆ ಮೊದಲ ಗೇರಿನಲ್ಲಿ, ಮಧ್ಯೆ ಎಲ್ಲೂ ನಿಲ್ಲಿಸದೆ ದಾಟಿ. ದಾಟಿ ನೂರು ಅಡಿ ಹೋದ ಮೇಲೆ ಬರೀ ನೆಲವಿರುವ ಕಡೆ ನಿಲ್ಲಿಸಿ, ಇಳಿದು, ಬಗ್ಗಿ ನೋಡಿ. ಸುತ್ತಿಕೊಂಡಿದ್ದರೆ ಇಂಜಿನ್ ಆಫ್, ಹ್ಯಾಂಡ್‌ಬ್ರೇಕ್, ಹತ್ತು ನಿಮಿಷ ತಣಿಯಲು ಬಿಡಿ, ಆಮೇಲೆ ಕುಯ್ಯಿರಿ. ರಿವರ್ಸ್ ಹಾಕಿ ಬಿಡಿಸಲು ಹೋಗಬೇಡಿ, ಇನ್ನೂ ಬಿಗಿಯುತ್ತದೆ.

ಬೆಳಿಗ್ಗೆ: ಶ್ರೀರಂಗಪಟ್ಟಣದಿಂದ ತೊಣ್ಣೂರಿಗೆ

ಆರು ಗಂಟೆಗೆ ಮೈಸೂರು ಬಿಡಿ. ಶ್ರೀರಂಗಪಟ್ಟಣದಲ್ಲಿ ಕಾಫಿ ಕುಡಿದು ಪಾಂಡವಪುರದ ಕಡೆ ತಿರುಗಿ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಪಾಂಡವಪುರದ ಬಂಡೆಗಳ ಹತ್ತಿರ ಬೀಡು ಬಿಟ್ಟಿದ್ದರು. ಅದಕ್ಕೇ ಬ್ರಿಟಿಷರ ಕಾಗದಪತ್ರಗಳಲ್ಲಿ ಈ ಊರಿನ ಹೆಸರು ಫ್ರೆಂಚ್ ರಾಕ್ಸ್. ಹಳಬರ ಬಾಯಲ್ಲಿ ಹಿರೋಡೆ. ಊರಿನ ಪಕ್ಕದ ಕುಂತಿಬೆಟ್ಟ ದೂರದಿಂದಲೇ ಕಾಣುತ್ತದೆ. ಇವತ್ತು ಅದನ್ನು ಹತ್ತಬೇಡಿ. ಒಂದು ದಿನಕ್ಕೆ ಒಂದೇ ಬೆಟ್ಟ ಸಾಕು.

ಇಲ್ಲಿ ನಾಲೆ ಏರಿಗಳು ಸಿಗುತ್ತವೆ. ಕನ್ನಂಬಾಡಿಯಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆಗೆ ಮೊದಲು ಇರ್ವಿನ್ ನಾಲೆ ಎಂದು ಹೆಸರಿತ್ತು. ಮಂಡ್ಯದ ಕಬ್ಬು, ಭತ್ತ ಎಲ್ಲಾ ಅದರ ಋಣ. ನಾಲೆ ಪಕ್ಕದ ರಸ್ತೆ ನೋಡಲು ಬಹಳ ಚೆಂದ, ಒಂದು ಕಡೆ ನೀರು, ಒಂದು ಕಡೆ ಗದ್ದೆ, ಮೇಲೆ ತೆಂಗು. ಓಡಿಸಲು ಮಾತ್ರ ಅಪಾಯ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಒಂದು ಖಾಸಗಿ ಬಸ್ ಈ ನಾಲೆಗೆ ಬಿದ್ದು 30 ಜನ ತೀರಿಕೊಂಡರು. ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಅದಕ್ಕೇ ನನ್ನ ನಿಯಮ: ತಡೆಗೋಡೆ ಇಲ್ಲದ ಏರಿ ಮೇಲೆ 30ಕ್ಕಿಂತ ಜಾಸ್ತಿ ಸ್ಪೀಡಿಲ್ಲ, ಎದುರು ಗಾಡಿ ಕಂಡ ತಕ್ಷಣ ಅಗಲವಾದ ಜಾಗದಲ್ಲಿ ನಾನೇ ನಿಲ್ಲುತ್ತೇನೆ, ಫೋಟೊಗೆ ಅಂತ ನಾಲೆ ಅಂಚಿಗೆ ಕಾರು ಒತ್ತುವುದಿಲ್ಲ, ಕತ್ತಲಾದ ಮೇಲೆ ಏರಿ ಹತ್ತುವುದೇ ಇಲ್ಲ. ನಾಲೆ ನೀರಿಗೆ ಕಾಲು ಬಿಟ್ಟು ಕೂರುವುದೂ ಬೇಡ. ಮೇಲೆ ನಿಧಾನ ಕಾಣುತ್ತದೆ, ಒಳಗೆ ಸೆಳೆತ ಜೋರು.

ಪಾಂಡವಪುರ ದಾಟಿ ನಾಗಮಂಗಲ ರಸ್ತೆ ಹಿಡಿದು, ಕೆರೆ ತೊಣ್ಣೂರಿನ ಬೋರ್ಡ್ ನೋಡಿ ತಿರುಗಿಕೊಳ್ಳಿ. ಏಳೂವರೆ ಒಳಗೆ ಕೆರೆ ಏರಿ ಮೇಲೆ ಇದ್ದರೆ ಒಳ್ಳೆಯದು. ಎರಡು ಗುಡ್ಡದ ನಡುವೆ ಕಟ್ಟಿದ ಕೆರೆ. ನೀರು ಎಷ್ಟು ತಿಳಿ ಅಂದರೆ ಮೋತಿ ತಲಾಬ್, ಅಂದರೆ ಮುತ್ತಿನ ಕೆರೆ, ಅಂತಲೂ ಹೆಸರು ಬಂದಿದೆ. ಆ ಹೊತ್ತಿನಲ್ಲಿ ಗಾಳಿ ಇರುವುದಿಲ್ಲ, ಗುಡ್ಡದ ನೆರಳು ನೀರಿನಲ್ಲಿ ಅಲುಗಾಡದೆ ಕೂತಿರುತ್ತದೆ. ತಮಿಳುನಾಡಿನಿಂದ ಬಂದ ರಾಮಾನುಜಾಚಾರ್ಯರು ಮೇಲುಕೋಟೆಗೆ ಮುಂಚೆ ಇಲ್ಲೇ ಇದ್ದರು ಎನ್ನುತ್ತಾರೆ. ಊರಿನಲ್ಲಿ ನಂಬಿನಾರಾಯಣ ಗುಡಿ ಇದೆ, ಅರ್ಧ ಗಂಟೆ ಕೊಡಿ. ಕೆರೆಗೆ ಈಜಲು ಇಳಿಯಬೇಡಿ, ಆಳ ಇದೆ.

ದಾರಿ ಕೇಳುವ ಕಲೆ

ತೊಣ್ಣೂರಿನಿಂದ ಮೇಲುಕೋಟೆಗೆ ಸುಮಾರು 20 ಕಿ.ಮೀ. ದೊಡ್ಡ ರಸ್ತೆಗೆ ವಾಪಸ್ ಬಂದು ಜಕ್ಕನಹಳ್ಳಿ ಕ್ರಾಸ್‌ನಲ್ಲಿ ಮೇಲುಕೋಟೆಗೆ ತಿರುಗುವುದು ಸುಲಭದ ದಾರಿ. ಹಳ್ಳಿಗಳ ಒಳಗಿಂದ ಹೋಗುವ ದಾರಿಗಳೂ ಇವೆ. ಒಳಗಿಂದ ಹೋಗುವುದಾದರೆ ದಾರಿ ಕೇಳುವುದನ್ನು ಕಲಿಯಬೇಕು.

ಫೋನಿನ ಮ್ಯಾಪಿಗೆ ಬೈಕು ಹೋಗುವ ಗಾಡಿಜಾಡಿಗೂ ಕಾರು ಹೋಗುವ ರಸ್ತೆಗೂ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ. ಒಮ್ಮೆ ಅದು ತೋರಿಸಿದ ದಾರಿ ನನ್ನನ್ನು ಒಂದು ತೆಂಗಿನ ತೋಟದ ಪಂಪ್‌ಸೆಟ್ ಮನೆ ಮುಂದೆ ತಂದು ನಿಲ್ಲಿಸಿತು. ಮುಂದೆ ದಾರಿಯೇ ಇರಲಿಲ್ಲ. ತೋಟದವರು ನಗುತ್ತಾ ಹೊರಗೆ ಬಂದರು. ಅವರಿಗೆ ನಾನು ಆ ವಾರದ ಮೂರನೆಯವನಂತೆ.

ಕೇಳುವಾಗ "ಈ ರಸ್ತೆ ಮೇಲುಕೋಟೆಗೆ ಹೋಗುತ್ತಾ?" ಅನ್ನಬೇಡಿ. ಎಲ್ಲಾ ರಸ್ತೆಯೂ ಹೇಗೋ ಹೋಗಿಯೇ ಹೋಗುತ್ತದೆ, ನಿಮ್ಮ ಮನಸ್ಸು ನೋಯಿಸಬಾರದು ಅಂತ ಹೂಂ ಅಂದುಬಿಡುತ್ತಾರೆ. "ಅಣ್ಣ, ಮೇಲುಕೋಟೆಗೆ ಯಾವ ಕಡೆ ಹೋಗ್ಬೇಕು? ಕಾರ್ ಹೋಗ್ತದಾ?" ಅಂತ ಕೇಳಿ. ಎರಡನೇ ಪ್ರಶ್ನೆ ಮುಖ್ಯ. ವಯಸ್ಸಾದವರಾದರೆ "ಯಜಮಾನ್ರೇ". ಇಂಜಿನ್ ಆಫ್ ಮಾಡಿ, ಕಾರಿನಿಂದ ಇಳಿದೇ ಕೇಳಿ. ಕಿಟಕಿಯಿಂದ ಕೈ ಆಡಿಸಿ ಕರೆಯುವುದು ಯಾರಿಗೆ ಇಷ್ಟವಾಗುತ್ತದೆ?

ಉತ್ತರ ಹೀಗೆ ಬರುತ್ತದೆ: "ಹಿಂಗೇ ನೆಟ್ಗೆ ಹೋಗಿ. ಅರಳಿ ಕಟ್ಟೆ ಸಿಗ್ತದೆ. ಅಲ್ಲಿ ಡೈರಿ ತಾವ ಎಡಕ್ ತಿರಿಕಳಿ. ಇಲ್ಲೇ ಹತ್ರ." ಇದರಲ್ಲಿ ಅರಳಿ ಕಟ್ಟೆ, ಹಾಲಿನ ಡೈರಿ ಎರಡೂ ನೂರಕ್ಕೆ ನೂರು ನಿಜ. "ಇಲ್ಲೇ ಹತ್ರ" ಎಂಬುದನ್ನು ಮಾತ್ರ ನಾಲ್ಕು ಕಿ.ಮೀ. ಅಂತ ಇಟ್ಟುಕೊಳ್ಳಿ. ಮುಂದಿನ ಊರಲ್ಲಿ ಮತ್ತೆ ಕೇಳಿ. ಒಂದೇ ಸಲಕ್ಕೆ ಐದು ತಿರುವು ನೆನಪಿಟ್ಟುಕೊಳ್ಳಲು ಹೋದರೆ ಮೂರನೆಯದರಲ್ಲಿ ಕಳೆದುಹೋಗುತ್ತೀರಿ.

ಕಿರಿದಾದ ರಸ್ತೆಯಲ್ಲಿ ನಡೆದುಕೊಳ್ಳುವುದು

ಟಾರಿನ ಅಗಲ ಒಂದೇ ಗಾಡಿಗೆ. ಎದುರಿನವರಿಗೆ ಜಾಗ ಕೊಡಲು ಎಡಗಡೆ ಚಕ್ರ ಮಣ್ಣಿಗೆ ಇಳಿಸಬೇಕು. ಇಳಿಸುವ ಮುಂಚೆ ಟಾರಿನ ಅಂಚಿಗೂ ಮಣ್ಣಿಗೂ ಎಷ್ಟು ಇಳಿಜಾರಿದೆ ನೋಡಿ. ಕೆಲವು ಕಡೆ ಗೇಣುದ್ದ ಇರುತ್ತದೆ, ಅಡಿ ತಾಗುತ್ತದೆ. ಗದ್ದೆ ಪಕ್ಕದ ಮಣ್ಣು ಮೇಲೆ ಒಣಗಿದಂತೆ ಕಂಡರೂ ಒಳಗೆ ಕೆಸರು. ಲೋಡ್ ಹೊತ್ತ ಗಾಡಿ ಟಾರು ಬಿಟ್ಟು ಇಳಿಯುವುದಿಲ್ಲ, ಅದು ಇಳಿಯಲೂ ಬಾರದು. ಕಬ್ಬಿನ ಗಾಡಿ, ಹುಲ್ಲಿನ ಟ್ರಾಕ್ಟರ್, ಹಾಲಿನ ವ್ಯಾನ್ ಕಂಡರೆ ನೀವೇ ರಿವರ್ಸ್ ಹೋಗಿ ದಾರಿ ಬಿಡಿ. ನಮಗೆ ಇವತ್ತು ರಜೆ, ಅವರಿಗೆ ಕೆಲಸ.

ಕುರಿ ಮಂದೆ ಸಿಕ್ಕರೆ ನಿಲ್ಲಿಸಿಬಿಡಿ. ಹಾರ್ನ್ ಹೊಡೆದರೆ ಕುರಿ ಚೆದುರಿ ಕಾರಿನ ಮುಂದೆಯೇ ಓಡುತ್ತದೆ. ಸುಮ್ನೆ ನಿಂತರೆ ನೀರಿನ ಹಾಗೆ ಎರಡೂ ಪಕ್ಕದಲ್ಲಿ ಹರಿದು ಹೋಗುತ್ತದೆ, ಕಾಯುವವನು ಒಂದು ನಗೆ ಬಿಸಾಕಿ ಹೋಗುತ್ತಾನೆ. ಎಮ್ಮೆ ಬೇರೆ ಜಾತಿ. ಅದಕ್ಕೆ ಅವಸರವೂ ಇಲ್ಲ, ನಿಮ್ಮ ಮೇಲೆ ಗೌರವವೂ ಇಲ್ಲ. ಕಾಯಬೇಕು ಅಷ್ಟೆ.

ಹಂಪ್‌ಗಳ ಬಗ್ಗೆ ಒಂದು ಮಾತು. ಬಣ್ಣ ಇಲ್ಲ, ಬೋರ್ಡ್ ಇಲ್ಲ. ಶಾಲೆ, ಗುಡಿ, ಊರಬಾಗಿಲು, ಹಾಲಿನ ಡೈರಿ ಇವುಗಳಲ್ಲಿ ಯಾವುದು ಕಂಡರೂ ಮುಂದೆ ಹಂಪ್ ಇದೆ ಅಂತಲೇ ಓಡಿಸಿ. ಇಲ್ಲದಿದ್ದರೆ ಲಾಭ.

ಮೇಲುಕೋಟೆ

ಒಂಬತ್ತರ ಒಳಗೆ ಮೇಲುಕೋಟೆ ಮುಟ್ಟಿದರೆ ಬಿಸಿಲೇರುವ ಮುಂಚೆ ಯೋಗನರಸಿಂಹನ ಬೆಟ್ಟ ಹತ್ತಿ ಇಳಿಯಬಹುದು. ಕಲ್ಯಾಣಿ ಹತ್ತಿರ ಕಾರು ಬಿಟ್ಟು ಊರೊಳಗೆ ನಡೆಯಿರಿ, ಬೀದಿಗಳು ಕಿರಿದು. ಪೂರ್ತಿ ಕಟ್ಟದೆ ಬಿಟ್ಟ ರಾಯಗೋಪುರ, ಪಕ್ಕಪಕ್ಕದಲ್ಲೇ ಇರುವ ಅಕ್ಕ ತಂಗಿ ಕೊಳ, ಚೆಲುವನಾರಾಯಣನ ಗುಡಿ ನೋಡುವವರು ನೋಡುತ್ತಾರೆ, ಅದನ್ನು ಬರೆದವರು ಬೇಕಾದಷ್ಟು ಜನ ಇದ್ದಾರೆ. ನನಗೆ ಇಷ್ಟ ಕವಿ ಪು.ತಿ.ನ. ಅವರ ಮನೆ. ಅವರು 1905ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ, ಮನೆಯನ್ನು ಸ್ಮಾರಕವಾಗಿ ಉಳಿಸಿದ್ದಾರೆ.

ಪುಳಿಯೋಗರೆ ತಿನ್ನದೆ ಬರಬೇಡಿ. ಇದೇ ನಿಮ್ಮ ಬೆಳಗಿನ ತಿಂಡಿ. ಎಲೆ ಮೇಲೆ ಹಾಕಿಸಿಕೊಳ್ಳಿ, ಪಕ್ಕದಲ್ಲಿ ಒಂದು ಸೌಟು ಸಕ್ಕರೆ ಪೊಂಗಲ್. ಗೊಜ್ಜು ಡಬ್ಬಿ ಮನೆಗೆ ತರುವುದಾದರೆ ಎಣ್ಣೆ ಮೇಲೆ ನಿಂತಿರುವುದನ್ನು ಕೇಳಿ ತನ್ನಿ.

ಹನ್ನೊಂದಕ್ಕೆ ಊರು ಬಿಡಿ. ಇಲ್ಲಿಂದ ಯಾರಿಗೂ ಕಾಲು ಕೀಳಲು ಮನಸ್ಸಾಗುವುದಿಲ್ಲ, ಅದಕ್ಕೇ ಗಂಟೆ ಹಾಕಿ ಹೇಳುತ್ತಿದ್ದೇನೆ.

ಇಳಿಯುವ ರಸ್ತೆ, ಆಲೆಮನೆ, ಊಟ

ಮೇಲುಕೋಟೆಯಿಂದ ಕೆ.ಆರ್. ಪೇಟೆ ಕಡೆ ಇಳಿಯುವುದು ಈ ಸುತ್ತಿನಲ್ಲಿ ನನ್ನ ಮೆಚ್ಚಿನ ಭಾಗ. ಬಂಡೆ, ಕುರುಚಲು ಕಾಡು, ನಡುನಡುವೆ ನವಿಲು. ಇಲ್ಲಿನ ಕಾಡನ್ನು ತೋಳಗಳಿಗಾಗಿ 1974ರಲ್ಲಿ ಅಭಯಾರಣ್ಯ ಮಾಡಿದರು. ತೋಳ ಕಾಣುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಕಿಟಕಿ ಇಳಿಸಿ, ಹಾಡು ನಿಲ್ಲಿಸಿ ಇಳಿಯಿರಿ. ತಿಂದ ಪೊಟ್ಟಣ ಹೊರಗೆ ಎಸೆಯಬೇಡಿ, ಮಂಗಗಳಿಗೆ ಬಾಳೆಹಣ್ಣು ಕೊಡಬೇಡಿ.

ಬಯಲಿಗೆ ಇಳಿದ ಮೇಲೆ ಆಲೆಮನೆ ಹುಡುಕಿ. ಬೋರ್ಡ್ ಇರುವುದಿಲ್ಲ. ದೂರದಲ್ಲಿ ತೆಂಗಿನ ಮರದ ಮೇಲೆ ಬಿಳಿ ಹೊಗೆ, ಗಾಳಿಯಲ್ಲಿ ಸಿಹಿ ವಾಸನೆ, ರಸ್ತೆ ಮೇಲೆ ಕಬ್ಬಿನ ಸಿಪ್ಪೆಯ ಚೂರು ಕಂಡರೆ ಹತ್ತಿರ ಬಂದಿರಿ ಅಂತ ಅರ್ಥ. ಕಾರು ರಸ್ತೆಯಲ್ಲೇ ಬಿಟ್ಟು ನಡೆದು ಹೋಗಿ, "ನೋಡ್ಬೋದಾ ಅಣ್ಣ?" ಅಂತ ಕೇಳಿ. ಗಾಣದಿಂದ ಇಳಿದ ಕಬ್ಬಿನ ಹಾಲನ್ನು ದೊಡ್ಡ ಕೊಪ್ಪರಿಗೆಯಲ್ಲಿ ಕಾಯಿಸುತ್ತಿರುತ್ತಾರೆ. ಒಲೆಗೆ ಒಣಗಿಸಿದ ಕಬ್ಬಿನ ಸಿಪ್ಪೆಯೇ ಸೌದೆ. ಹಾಲು ಮೊದಲು ಕೊಳೆ ಕಕ್ಕುತ್ತದೆ, ಅದನ್ನು ಜರಡಿಯಲ್ಲಿ ತೆಗೆಯುತ್ತಾರೆ. ಆಮೇಲೆ ನೊರೆ ಏರುತ್ತದೆ, ಗುಳ್ಳೆ ಸಣ್ಣದಾಗುತ್ತಾ ಬಣ್ಣ ಜೇನಾಗುತ್ತದೆ. ಪಾಕ ನೋಡುವವನು ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಟಿ ನೋಡುತ್ತಾನೆ. ಗೋಲಿಯಾದರೆ ಇಳಿಸುವ ಹೊತ್ತು. ಆಗ ಕೊಪ್ಪರಿಗೆ ಹತ್ತಿರ ನಿಲ್ಲಬೇಡಿ, ಮಕ್ಕಳನ್ನು ಹಿಡಿದುಕೊಳ್ಳಿ. ಆ ಪಾಕ ಮೈಮೇಲೆ ಬಿದ್ದರೆ ಕಿತ್ತು ಬರುವುದಿಲ್ಲ.

ಬಿಸಿ ಬೆಲ್ಲ ಎಲೆ ಮೇಲೆ ಹಾಕಿಕೊಟ್ಟರೆ ಬೇಡ ಅನ್ನಬೇಡಿ. ದುಡ್ಡು ಕೇಳುವುದಿಲ್ಲ, ಎರಡು ಕೆಜಿ ಬೆಲ್ಲ ಕೊಂಡು ಬನ್ನಿ. ಹೊಳೆಯುವ ಹಳದಿ ಅಚ್ಚಿಗಿಂತ ಕಂದು ಬಣ್ಣದ್ದು ಕೇಳಿ. ಬಣ್ಣ ತಿಳಿಯಾಗಲು ಹೈಡ್ರೋಸ್ ಎಂಬ ರಾಸಾಯನಿಕ ಹಾಕುವ ರೂಢಿ ಇದೆ. ಕಂದು ಬೆಲ್ಲ ನೋಡಲು ಒರಟು, ತಿನ್ನಲು ರುಚಿ.

ಊಟ ಕೆ.ಆರ್. ಪೇಟೆಯಲ್ಲಿ, ಒಂದು ಗಂಟೆಗೆ. ಬಸ್ ಸ್ಟ್ಯಾಂಡ್ ಸುತ್ತ ಮುದ್ದೆ ಊಟದ ಹೋಟೆಲುಗಳಿರುತ್ತವೆ. ಮುದ್ದೆ, ಸೊಪ್ಪಿನ ಸಾರು ಅಥವಾ ಬಸ್ಸಾರು, ಅನ್ನ, ಮಜ್ಜಿಗೆ. ಮಾಂಸದೂಟ ಬೇಕಾದವರಿಗೆ ಅದೂ ಇದೆ. ಓಡಿಸುವವರು ಎರಡನೇ ಮುದ್ದೆಗೆ ಕೈ ಹಾಕಬೇಡಿ, ಎರಡೂವರೆಗೆ ಕಣ್ಣು ಎಳೆಯುತ್ತದೆ.

ಮಧ್ಯಾಹ್ನ: ಹೊಸಹೊಳಲು, ಕಿಕ್ಕೇರಿ, ಗೋವಿಂದನಹಳ್ಳಿ

ಹೊಸಹೊಳಲು ಕೆ.ಆರ್. ಪೇಟೆಗೆ ಅಂಟಿಕೊಂಡ ಹಾಗೆ ಇದೆ. 13ನೇ ಶತಮಾನದ ಲಕ್ಷ್ಮೀನಾರಾಯಣ ಗುಡಿ ಊರಿನ ಮನೆಗಳ ನಡುವೆಯೇ ನಿಂತಿದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೊ ಪಟ್ಟಿಗೆ ಸೇರಿದವು. ಹೊಸಹೊಳಲು ಸೇರಲಿಲ್ಲ. ಅದರಿಂದ ನಮಗೆ ಆದ ಲಾಭ ಎಂದರೆ ಇಲ್ಲಿ ನೀವು, ಗುಡಿ, ಒಂದೆರಡು ಮೇಕೆ, ಇಷ್ಟೇ. ಹೊರಗೋಡೆಯನ್ನು ಸುತ್ತುವಾಗ ಕೆಳಗಿನ ಪಟ್ಟಿಕೆಗಳನ್ನು ಬಗ್ಗಿ ನೋಡಿ. ಆನೆ, ಕುದುರೆ ಸವಾರರು, ರಾಮಾಯಣ, ಮಹಾಭಾರತದ ಕಥೆ ಬೆರಳುದ್ದದ ಬೊಂಬೆಗಳಲ್ಲಿ ಓಡುತ್ತದೆ. ಒಳಗೆ ನಾರಾಯಣ, ವೇಣುಗೋಪಾಲ, ಲಕ್ಷ್ಮೀನರಸಿಂಹ, ಮೂರು ಗರ್ಭಗುಡಿ. ಬಾಗಿಲು ಹಾಕಿದ್ದರೆ ಪಕ್ಕದ ಮನೆಯಲ್ಲಿ ಕೇಳಿ, ಬೀಗದ ಕೈ ಯಾರ ಹತ್ತಿರ ಅಂತ ಹೇಳುತ್ತಾರೆ. ಮನೆಗಳ ಬಾಗಿಲಿಗೆ ಅಡ್ಡ ಕಾರು ನಿಲ್ಲಿಸಬೇಡಿ.

ಕಿಕ್ಕೇರಿಗೆ ಅಲ್ಲಿಂದ ಸುಮಾರು 15 ಕಿ.ಮೀ. ಕವಿ ಕೆ.ಎಸ್. ನರಸಿಂಹಸ್ವಾಮಿ 1915ರಲ್ಲಿ ಹುಟ್ಟಿದ ಊರು. 1171ರ ಬ್ರಹ್ಮೇಶ್ವರ ಗುಡಿ ಇದೆ, ಪಕ್ಕದಲ್ಲಿ ದೊಡ್ಡ ಕೆರೆ. ಹತ್ತಿರದ ಗೋವಿಂದನಹಳ್ಳಿಯಲ್ಲಿ ಪಂಚಲಿಂಗೇಶ್ವರ ಗುಡಿ: ಐದು ಗರ್ಭಗುಡಿ ಒಂದೇ ಸಾಲಿನಲ್ಲಿ. ಒಳಗೆ ಈ ತುದಿಯಲ್ಲಿ ನಿಂತು ಆ ತುದಿಗೆ ಕಂಬಗಳ ಸಾಲು ನೋಡಿ, ಐದು ನಿಮಿಷ ಕೂತುಕೊಳ್ಳಿ. ಮಧ್ಯಾಹ್ನದ ಬಿಸಿಲಿಗೆ ಕಲ್ಲಿನ ತಂಪು ಹಿತ. ಈ ಮೂರರಲ್ಲಿ ಹೊತ್ತು ಸಾಲದಿದ್ದರೆ ಯಾವುದನ್ನು ಬಿಡಲಿ ಎಂದರೆ ಕಿಕ್ಕೇರಿ ಬಿಡಿ. ನರಸಿಂಹಸ್ವಾಮಿಯವರ ಓದುಗರು ನನ್ನ ಮಾತು ಕೇಳುವುದಿಲ್ಲ ಅಂತ ಗೊತ್ತು.

ಇನ್ನೊಂದು ತಮಾಷೆ. ಜಯಲಲಿತಾ ಹುಟ್ಟಿದ್ದು ಮೇಲುಕೋಟೆಯಲ್ಲಿ, ಯಡಿಯೂರಪ್ಪ ಹುಟ್ಟಿದ್ದು ಇದೇ ಕೆ.ಆರ್. ಪೇಟೆ ತಾಲ್ಲೂಕಿನ ಬೂಕನಕೆರೆಯಲ್ಲಿ. ಎರಡು ರಾಜ್ಯಗಳಲ್ಲಿ ಮುಖ್ಯಮಂತ್ರಿಗಳಾಗಿದ್ದ ಇಬ್ಬರ ಹುಟ್ಟೂರು ಒಂದೇ ದಿನದ ಸುತ್ತಿನ ಒಳಗೆ. ಕಾರಿನಲ್ಲಿ ಹಿಂದೆ ಕೂತವರು ತೂಕಡಿಸುತ್ತಿದ್ದರೆ ಇದನ್ನು ಹೇಳಿ ಎಬ್ಬಿಸಿ.

ಕತ್ತಲಿಗೆ ಮುಂಚೆ

ನಾಲ್ಕೂಕಾಲಕ್ಕೆ ಗೋವಿಂದನಹಳ್ಳಿ ಬಿಡಲೇಬೇಕು. ಕೆ.ಆರ್. ಪೇಟೆಗೆ ವಾಪಸ್ ಬಂದು ಚಿನಕುರಳಿ ಕಡೆಯ ರಸ್ತೆ ಹಿಡಿದು, ಹೊಸ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿಗೆ ಬನ್ನಿ. 1911ರಲ್ಲಿ ಕಟ್ಟೆ ಕೆಲಸ ಶುರುವಾಗಿ, ನೀರು ನಿಂತಾಗ ಹಳೇ ಕನ್ನಂಬಾಡಿ ಮುಳುಗಿತು, ಗುಡಿಯೂ ಮುಳುಗಿತು. ಬರಗಾಲದ ವರ್ಷ ನೀರು ಇಳಿದಾಗ ಮಾತ್ರ ಕಾಣುತ್ತಿತ್ತು. ಅದರ ಕಲ್ಲುಗಳನ್ನು ಬಿಚ್ಚಿ ತಂದು ಹಿನ್ನೀರಿನ ದಡದ ಮೇಲೆ ಮತ್ತೆ ಜೋಡಿಸಿದ್ದಾರೆ. ಐದೂವರೆಗೆ ಅಲ್ಲಿ ಕೂತರೆ ಸೂರ್ಯ ನೀರಿನ ಆಚೆ ಇಳಿಯುವುದು ಕಾಣುತ್ತದೆ. ಕಟ್ಟೆ ತುಂಬಿದ್ದರೆ ನೀರು ಕಾಲ ಬುಡಕ್ಕೇ ಬಂದಿರುತ್ತದೆ, ಇಳಿದಿದ್ದರೆ ಒಣಗಿದ ಕೆರೆಯಂಗಳದಲ್ಲಿ ದನ ಮೇಯುತ್ತಿರುತ್ತವೆ. ಕಾರನ್ನು ಆ ಅಂಗಳಕ್ಕೆ ಇಳಿಸಬೇಡಿ. ಮೇಲೆ ಒಣಗಿದ ಸಿಪ್ಪೆ, ಅಡಿಯಲ್ಲಿ ಗೋಡು. ಹೂತರೆ ಟ್ರಾಕ್ಟರ್ ಬರಬೇಕು.

ಆರು ಗಂಟೆಗೆ ಎದ್ದುಬಿಡಿ. ಕಬ್ಬಿನ ಟ್ರಾಕ್ಟರ್‌ಗಳು ಎರಡೆರಡು ಟ್ರೇಲರ್ ಎಳೆದುಕೊಂಡು ಹೊರಡುವ ಹೊತ್ತು ಅದೇ. ಹಿಂದೆ ಲೈಟಿರುವುದಿಲ್ಲ. ಕಬ್ಬಿನ ತುದಿ ಪಕ್ಕಕ್ಕೆ ಮಾರುದ್ದ ಚಾಚಿರುತ್ತದೆ, ಎದುರು ಗಾಡಿಯ ಬೆಳಕಿನಲ್ಲಿ ಕಾಣುವುದೇ ಇಲ್ಲ. ದನ ಮನೆಗೆ ತಿರುಗುವ ಹೊತ್ತೂ ಅದೇ, ಹೊಲದಿಂದ ಹೆಂಗಸರು ತಲೆ ಮೇಲೆ ಹುಲ್ಲು ಹೊತ್ತು ಬರುವ ಹೊತ್ತೂ ಅದೇ. ಟ್ರಾಕ್ಟರ್ ಹಿಂದೆ ಸಿಕ್ಕಿಕೊಂಡರೆ ಓವರ್‌ಟೇಕ್ ಮಾಡದೆ ದೂರ ಇಟ್ಟುಕೊಂಡು ಹೋಗಿ, ಅದು ಎಲ್ಲಾದರೂ ಒಳಗೆ ತಿರುಗುತ್ತದೆ. ಕೆ.ಆರ್.ಎಸ್., ಬೆಳಗೊಳ ದಾಟಿದರೆ ಮೈಸೂರು.

ಮರುದಿನ ಬೆಳಿಗ್ಗೆ ಬೆಳಕಿನಲ್ಲಿ ಕಾರಿನ ಅಡಿ ಒಮ್ಮೆ ನೋಡಿ. ಒಣ ಹುಲ್ಲು, ಹುರುಳಿ ಎಳೆ ಉಳಿದಿದ್ದರೆ ಕಿತ್ತುಹಾಕಿ, ಚಕ್ರದ ಒಳಗಿನ ಕೆಸರನ್ನು ನೀರು ಬಿಟ್ಟು ತೊಳೆಯಿರಿ. ಊರುಗಳ ಹೆಸರು ಬರೆದ ಕಾಗದ ಬಿಸಾಡಬೇಡಿ. ತಪ್ಪಿದ ಕವಲು, ಒಳ್ಳೆ ಮುದ್ದೆ ಸಿಕ್ಕ ಹೋಟೆಲು, ಆಲೆಮನೆ ಇದ್ದ ತಿರುವು ಎಲ್ಲವನ್ನೂ ಅದರ ಹಿಂದೆಯೇ ಗುರುತು ಮಾಡಿಡಿ. ನನ್ನ ಕಾಗದದ ಮೇಲೆ ಒಂದು ಊರಿನ ಪಕ್ಕ "ಕುಡುಗೋಲು ಅಜ್ಜಿ" ಅಂತ ಇದೆ. ಹೋದ ಸಲ ಅವರಿಗೆ ಮೇಲುಕೋಟೆಯಿಂದ ಪುಳಿಯೋಗರೆ ಕಟ್ಟಿಸಿಕೊಂಡು ಹೋಗಿದ್ದೆ. "ಈ ಸಲ ಹುಳ್ಳಿ ಮೇಲೆ ಬರ್ಲಿಲ್ವಾ?" ಅಂತ ಕೇಳಿದರು.